ಮಳೆನಾಡಿನ ಮನೆಗೆ ದೊಡ್ಡ ಟಿವಿ: ಕೊಡಗಿನವರು ಕೊಳ್ಳುವ ಮೊದಲು ಮತ್ತು ಕೊಂಡ ಮೇಲೆ

ಕಾಫಿ ಮಾರಿದ ಹಣ ಕೈಸೇರುವ ಹೊತ್ತಿಗೂ ದಸರಾ, ದೀಪಾವಳಿಯ ರಿಯಾಯಿತಿಗಳು ಶುರುವಾಗುವ ಹೊತ್ತಿಗೂ ಓದುಗರು ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ: ‘55 ಇಂಚಿನ ಟಿವಿ ಸಾಕೇ, 65 ಇಂಚಿನದನ್ನೇ ತೆಗೆದುಕೊಳ್ಳಲೇ? ಯಾವ ಕಂಪನಿಯದು ಒಳ್ಳೆಯದು?’ ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿರುವವರಿಗೆ ಕೊಡುವ ಉತ್ತರವನ್ನೇ ಸೋಮವಾರಪೇಟೆಯ ಅಥವಾ ನಾಪೋಕ್ಲಿನ ತೋಟದ ಮನೆಯವರಿಗೂ ಕೊಟ್ಟರೆ ಅದು ಉಪಯೋಗಕ್ಕೆ ಬರುವುದಿಲ್ಲ. ಏಪ್ರಿಲ್, ಮೇ ತಿಂಗಳ ಸಿಡಿಲು, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವ, ಮರ ಬಿದ್ದು ದಿನಗಟ್ಟಲೆ ಕೈಕೊಡುವ ಕರೆಂಟು, ದೂರದ ಸರ್ವಿಸ್ ಸೆಂಟರ್ – ಈ ನಾಲ್ಕನ್ನೂ ಲೆಕ್ಕಕ್ಕೆ ತೆಗೆದುಕೊಂಡ ಮೇಲೆಯೇ ಇಂಚು ಮತ್ತು ಕಂಪನಿಯ ಮಾತು ಬರಬೇಕು. ಆದ್ದರಿಂದ ಈ ಲೇಖನ ಅಂಗಡಿಯಿಂದ ಆರಂಭವಾಗದೆ ನಿಮ್ಮ ಮನೆಯ ಮೀಟರ್ ಬೋರ್ಡಿನಿಂದ ಆರಂಭವಾಗುತ್ತದೆ.

1. ಮೊದಲು ಮನೆಯ ಕರೆಂಟನ್ನು ಪರೀಕ್ಷಿಸಿ

ಟಿವಿ ಇಡಬೇಕೆಂದಿರುವ ಜಾಗದ ಪ್ಲಗ್ಗಿಗೆ ಎಲೆಕ್ಟ್ರಿಷಿಯನ್‌ನನ್ನು ಕರೆಸಿ, ಮಲ್ಟಿಮೀಟರಿನಿಂದ, ಅಂದರೆ ವೋಲ್ಟೇಜ್ ಅಳೆಯುವ ಕೈಸಾಧನದಿಂದ, ಮೂರು ಅಳತೆಗಳನ್ನು ತೆಗೆಸಿ. ಫೇಸ್ (ಕರೆಂಟು ಬರುವ ತಂತಿ) ಮತ್ತು ನ್ಯೂಟ್ರಲ್ (ವಾಪಸು ಹೋಗುವ ತಂತಿ) ನಡುವಿನ ಅಳತೆ 230 ವೋಲ್ಟಿನ ಆಸುಪಾಸಿನಲ್ಲಿರಬೇಕು. ಫೇಸ್ ಮತ್ತು ಅರ್ಥ್ ನಡುವಿನದೂ ಸರಿಸುಮಾರು ಅಷ್ಟೇ ಇರಬೇಕು. ನ್ಯೂಟ್ರಲ್ ಮತ್ತು ಅರ್ಥ್ ನಡುವಿನದು ಒಂದೆರಡು ವೋಲ್ಟಿಗಿಂತ ಹೆಚ್ಚಿರಬಾರದು. ಐದು ದಾಟಿದರೆ ಅರ್ಥಿಂಗ್ ಸರಿಯಿಲ್ಲ ಅಥವಾ ವೈರಿಂಗ್‌ನಲ್ಲಿ ದೋಷವಿದೆ ಎಂದು ತಿಳಿದು ಅದನ್ನು ಮೊದಲು ಸರಿಪಡಿಸಿಕೊಳ್ಳಿ. ಅರ್ಥಿಂಗ್ ಎಂದರೆ ಸೋರುವ ಅಥವಾ ನುಗ್ಗಿ ಬರುವ ವಿದ್ಯುತ್ತನ್ನು ಭೂಮಿಗೆ ಇಳಿಸುವ ವ್ಯವಸ್ಥೆ. ಹಳೆಯ ಮನೆಗಳಲ್ಲಿ ಮೂರು ತೂತಿನ ಪ್ಲಗ್ ಕಾಣಿಸಿದರೂ ಮೇಲಿನ ದೊಡ್ಡ ತೂತಿಗೆ ತಂತಿಯನ್ನೇ ಎಳೆದಿರುವುದಿಲ್ಲ. ಇದು ಅಳೆಯದೆ ಗೊತ್ತಾಗುವ ಸಂಗತಿಯಲ್ಲ.

ಒಂದೇ ಹೊತ್ತಿನಲ್ಲಿ ಅಳೆದು ಸಮಾಧಾನಪಟ್ಟುಕೊಳ್ಳಬೇಡಿ. ಸಂಜೆ ಏಳರ ಸುಮಾರಿಗೆ ಒಮ್ಮೆ, ಊರೆಲ್ಲ ಮಲಗಿದ ಮೇಲೆ ಒಮ್ಮೆ ನೋಡಿ. ಫೆಬ್ರುವರಿ, ಮಾರ್ಚ್‌ನಲ್ಲಿ ಹೂಮಳೆಗೆ ಕಾಯದೆ ರೋಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ಹಾಕುವ ಕಾಲದಲ್ಲಿ, ಒಂದೇ ಟ್ರಾನ್ಸ್‌ಫಾರ್ಮರಿನ ಮೇಲೆ ಹಲವು ಮೋಟಾರುಗಳು ಓಡುವಾಗ, ವೋಲ್ಟೇಜ್ ಎಷ್ಟಕ್ಕೆ ಇಳಿಯುತ್ತದೆ ಎಂಬುದನ್ನೂ ತಿಳಿದಿರಬೇಕು. ಮೋಟಾರುಗಳು ಒಮ್ಮೆಲೇ ನಿಂತಾಗ ಅದು ಅಷ್ಟೇ ಬೇಗ ಮೇಲಕ್ಕೆ ಹಾರುತ್ತದೆ.

ಇಲ್ಲಿ ಹೆಚ್ಚಿನವರು ತಪ್ಪು ತಿಳಿಯುವ ಒಂದು ವಿಷಯವಿದೆ. ಈಗಿನ ಟಿವಿಗಳಲ್ಲಿ ಬಹುಪಾಲು 100ರಿಂದ 240 ವೋಲ್ಟಿನವರೆಗೆ ತಾವೇ ಹೊಂದಿಸಿಕೊಂಡು ನಡೆಯುತ್ತವೆ. ಹಿಂಬದಿಯ ಚೀಟಿಯಲ್ಲಿ ಅದನ್ನು ಮುದ್ರಿಸಿರುತ್ತಾರೆ. ಅಂತಹ ಟಿವಿಗೆ ವೋಲ್ಟೇಜ್ ಇಳಿಯುವುದು ದೊಡ್ಡ ಅಪಾಯವಲ್ಲ, ಏರುವುದೇ ಅಪಾಯ. ಗಾಳಿಗೆ ಕೊಂಬೆ ಬಿದ್ದು ಕಂಬದ ಮೇಲಿನ ನ್ಯೂಟ್ರಲ್ ತಂತಿ ಕಡಿದುಹೋದರೆ, ಕೆಲವು ಮನೆಗಳಿಗೆ 230ರ ಬದಲು 400ರ ಸಮೀಪದ ವೋಲ್ಟೇಜ್ ನುಗ್ಗುವ ಸಾಧ್ಯತೆ ಇರುತ್ತದೆ. ಬಲ್ಬುಗಳು ಇದ್ದಕ್ಕಿದ್ದಂತೆ ಕಣ್ಣು ಕುಕ್ಕುವಷ್ಟು ಉರಿಯತೊಡಗಿದರೆ, ಅಥವಾ ನಿಮ್ಮ ಮನೆಯಲ್ಲಿ ಹಾಗೆ ಉರಿಯುವಾಗ ಪಕ್ಕದ ಮನೆಯಲ್ಲಿ ಮಿಣುಕುತ್ತಿದ್ದರೆ, ಯೋಚಿಸುತ್ತ ನಿಲ್ಲದೆ ಮೇನ್ ಸ್ವಿಚ್ ಆಫ್ ಮಾಡಿ ಲೈನ್‌ಮ್ಯಾನ್‌ಗೆ ಅಥವಾ 1912ಕ್ಕೆ ಫೋನ್ ಮಾಡಬೇಕು. ಟಿವಿಯ ಬಜೆಟ್ಟಿನಲ್ಲಿ ಮೊದಲ ಮೂರು, ನಾಲ್ಕು ಸಾವಿರ ರೂಪಾಯಿಯನ್ನು ಅರ್ಥಿಂಗ್ ಮತ್ತು ವೋಲ್ಟೇಜ್ ರಕ್ಷಣೆಗೆ ಎತ್ತಿಡಿ ಎಂದು ನಾನು ಹೇಳುವುದು ಈ ಕಾರಣಕ್ಕೆ. 65ರ ಬದಲು 55 ಇಂಚಿಗೆ ಇಳಿಯಬೇಕಾಗಿ ಬಂದರೂ ಅದು ನಷ್ಟದ ವ್ಯಾಪಾರವಲ್ಲ.

2. ಎಷ್ಟು ಇಂಚು ಎಂಬುದನ್ನು ಗೋಡೆಯ ಮೇಲೆಯೇ ನಿರ್ಧರಿಸಿ

ಟಿವಿಯ ಇಂಚು ಎನ್ನುವುದು ಪರದೆಯ ಒಂದು ಮೂಲೆಯಿಂದ ಎದುರು ಮೂಲೆಗಿರುವ ಓರೆ ಅಳತೆ. 43 ಇಂಚಿನ ಪರದೆ ಸುಮಾರು 95 ಸೆಂಟಿಮೀಟರ್ ಅಗಲ, 54 ಸೆಂಟಿಮೀಟರ್ ಎತ್ತರ ಇರುತ್ತದೆ. 55 ಇಂಚಿನದು 122ಕ್ಕೆ 68. 65 ಇಂಚಿನದು 144ಕ್ಕೆ 81. 75 ಇಂಚಿನದು 166ಕ್ಕೆ 93. ಹಳೆಯ ದಿನಪತ್ರಿಕೆಗಳನ್ನು ಗೋಂದಿನಿಂದ ಜೋಡಿಸಿ, ಈ ಅಳತೆಗೆ ಕತ್ತರಿಸಿ, ಗೋಡೆಗೆ ಅಂಟಿಸಿ ಎರಡು ದಿನ ಹಾಗೆಯೇ ಬಿಡಿ. ಅಂಗಡಿಯ ಎತ್ತರದ ಸೂರಿನ ಕೆಳಗೆ ಸಾಲಾಗಿ ನಿಲ್ಲಿಸಿದಾಗ ಚಿಕ್ಕದಾಗಿ ಕಂಡ ಟಿವಿ, ಹೆಂಚಿನ ಮನೆಯ ಚಾವಡಿಗೆ ಬಂದಾಗ ಕಿಟಕಿಯನ್ನೇ ಮುಚ್ಚಿಬಿಟ್ಟ ಉದಾಹರಣೆಗಳಿವೆ. ಪತ್ರಿಕೆಯ ಹಾಳೆ ಆ ತೊಂದರೆಯನ್ನು ಖರ್ಚಿಲ್ಲದೆ ತಪ್ಪಿಸುತ್ತದೆ.

ಕುಳಿತುಕೊಳ್ಳುವ ದೂರವನ್ನೂ ಅಳೆಯಿರಿ. ಒಟಿಟಿ ಆ್ಯಪ್‌ಗಳಲ್ಲಿ ಒಳ್ಳೆಯ ಗುಣಮಟ್ಟದ ಸಿನಿಮಾ, ಪಂದ್ಯ ನೋಡುವವರಿಗೆ ಪರದೆಯ ಓರೆ ಅಳತೆಯ ಒಂದೂವರೆ ಪಟ್ಟು ದೂರ ಹಿತವಾಗಿರುತ್ತದೆ: 55 ಇಂಚಿಗೆ ಸುಮಾರು 7 ಅಡಿ, 65ಕ್ಕೆ 8 ಅಡಿ, 75ಕ್ಕೆ ಒಂಬತ್ತೂವರೆ ಅಡಿ. ಡಿಶ್ ಮೂಲಕ ಸಾಮಾನ್ಯ ಚಾನೆಲ್‌ಗಳನ್ನೇ ಹೆಚ್ಚು ನೋಡುವ ಮನೆಯಾದರೆ ಲೆಕ್ಕ ಬೇರೆ. ಎಚ್‌ಡಿ ಅಲ್ಲದ ಚಾನೆಲ್‌ನ ಚಿತ್ರದಲ್ಲಿ ವಿವರಗಳೇ ಕಡಿಮೆ ಇರುತ್ತವೆ. ಅದನ್ನು ದೊಡ್ಡ ಪರದೆಗೆ ಹಿಗ್ಗಿಸಿದಾಗ ಮುಖಗಳೆಲ್ಲ ಮಸುಕಾಗಿ ಕಾಣುತ್ತವೆ. ಅಂಥವರು ಓರೆ ಅಳತೆಯ ಎರಡು ಪಟ್ಟು ದೂರ ಕುಳಿತುಕೊಳ್ಳಬೇಕು, ಇಲ್ಲವೇ ಚಿಕ್ಕ ಟಿವಿ ಕೊಂಡು ಉಳಿದ ಹಣದಲ್ಲಿ ಎಚ್‌ಡಿ ಬಾಕ್ಸ್ ಹಾಕಿಸಿಕೊಳ್ಳಬೇಕು. ‘ಅಷ್ಟು ದುಡ್ಡು ಕೊಟ್ಟರೂ ಹಳೆಯ ಟಿವಿಯಲ್ಲೇ ಚಿತ್ರ ಚೆನ್ನಾಗಿತ್ತು’ ಎಂಬ ದೂರಿನ ಹಿಂದೆ ಸಾಮಾನ್ಯವಾಗಿ ಇರುವುದು ಇದೇ.

3. ಚೀಟಿಯ ಮೇಲಿನ ಪದಗಳನ್ನು ಬಿಡಿಸಿಕೊಳ್ಳಿ

ರೆಸಲ್ಯೂಷನ್ ಎಂದರೆ ಪರದೆಯ ಮೇಲಿನ ಬಿಂದುಗಳ ಸಂಖ್ಯೆ. ಫುಲ್ ಎಚ್‌ಡಿಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಬಿಂದುಗಳಿರುತ್ತವೆ. 4ಕೆಯಲ್ಲಿ 3840 ಮತ್ತು 2160. 43 ಇಂಚಿನಿಂದ ಮೇಲಕ್ಕೆ 4ಕೆಯನ್ನೇ ಕೊಳ್ಳಿ. 8ಕೆಗೆ ಹಣ ಹಾಕಬೇಡಿ. ಅದರಲ್ಲಿ ನೋಡಲು ನಮಗೆ ಸಿಗುವ ಕಾರ್ಯಕ್ರಮಗಳು ಇಲ್ಲವೆನ್ನುವಷ್ಟು ಕಡಿಮೆ.

ಪರದೆಯ ಬಗೆಯೇ ನಿಜವಾದ ಆಯ್ಕೆ. ಎಲ್‌ಇಡಿ ಎಂದು ಮಾರುವ ಟಿವಿಗಳೆಲ್ಲ ಎಲ್‌ಸಿಡಿ ಪರದೆಗಳೇ. ಅವುಗಳ ಹಿಂದೆ ಅಥವಾ ಅಂಚಿನಲ್ಲಿ ಎಲ್‌ಇಡಿ ದೀಪಗಳು ಉರಿಯುತ್ತವೆ. ಕ್ಯೂಎಲ್‌ಇಡಿ ಎಂಬುದೂ ಅದೇ ಜಾತಿ. ಬಣ್ಣವನ್ನು ಗಾಢಗೊಳಿಸುವ ಕ್ವಾಂಟಮ್ ಡಾಟ್ ಎಂಬ ಸೂಕ್ಷ್ಮ ಕಣಗಳ ಪದರವೊಂದು ಅದರಲ್ಲಿ ಹೆಚ್ಚಿಗೆ ಇರುತ್ತದೆ. ಮಿನಿ ಎಲ್‌ಇಡಿಯಲ್ಲಿ ಹಿಂಬದಿಯ ದೀಪಗಳು ಬಹಳ ಚಿಕ್ಕವು, ಸಂಖ್ಯೆಯಲ್ಲಿ ಬಹಳ ಹೆಚ್ಚು, ಮತ್ತು ಗುಂಪು ಗುಂಪಾಗಿ ಆರುವಂಥವು. ಹೀಗಾಗಿ ಕಪ್ಪು ಭಾಗ ಹೆಚ್ಚು ಕಪ್ಪಾಗಿ ಕಾಣುತ್ತದೆ. ಒಎಲ್‌ಇಡಿಯಲ್ಲಿ ಹಿಂಬದಿಯ ದೀಪವೇ ಇಲ್ಲ, ಪ್ರತಿ ಬಿಂದುವೂ ತಾನೇ ಬೆಳಗುತ್ತದೆ. ಕಿಟಕಿ ಚಿಕ್ಕದಾಗಿ, ಹಗಲಿನಲ್ಲೂ ನೆರಳಿರುವ ಹಳೆಯ ಮನೆಗಳಲ್ಲಿ ಒಎಲ್‌ಇಡಿಯ ಚಿತ್ರಕ್ಕೆ ಸಾಟಿಯಿಲ್ಲ. ಆದರೆ ಬೆಳಗಿನಿಂದ ರಾತ್ರಿಯವರೆಗೆ ಒಂದೇ ಸುದ್ದಿ ಚಾನೆಲ್ ಓಡುವ ಮನೆಗೆ ಅದನ್ನು ತರಬೇಡಿ. ಚಾನೆಲ್‌ನ ಲಾಂಛನ ಮತ್ತು ಕೆಳಗಿನ ಸುದ್ದಿಪಟ್ಟಿ ಒಂದೇ ಜಾಗದಲ್ಲಿ ಸಾವಿರಾರು ಗಂಟೆ ನಿಂತರೆ ಅದರ ಅಚ್ಚು ಪರದೆಯ ಮೇಲೆ ಶಾಶ್ವತವಾಗಿ ಉಳಿದುಬಿಡಬಹುದು. ಇದನ್ನು ಬರ್ನ್-ಇನ್ ಎನ್ನುತ್ತಾರೆ.

ಎಲ್‌ಸಿಡಿ ಪರದೆಗಳಲ್ಲಿ ಮತ್ತೆರಡು ಬಗೆಗಳಿವೆ. ವಿಎ ಪರದೆಯಲ್ಲಿ ಕಪ್ಪು ಚೆನ್ನಾಗಿ ಬರುತ್ತದೆ, ಆದರೆ ಬದಿಯಲ್ಲಿ ಕುಳಿತವರಿಗೆ ಬಣ್ಣ ತೆಳುವಾಗಿ ಕಾಣುತ್ತದೆ. ಐಪಿಎಸ್ ಪರದೆಯದು ಇದಕ್ಕೆ ತದ್ವಿರುದ್ಧ ಗುಣ. ಕೊಡವ ಹಾಕಿ ಉತ್ಸವದ ಫೈನಲ್ಲಿಗೋ ಕ್ರಿಕೆಟ್ಟಿಗೋ ಇಡೀ ಒಕ್ಕ, ಅಂದರೆ ಕುಟುಂಬದ ಬಳಗವೆಲ್ಲ ಬಂದು ಚಾವಡಿಯ ಮೂಲೆಮೂಲೆಯಲ್ಲಿ ಕೂರುವ ಮನೆಯಾದರೆ ಐಪಿಎಸ್ ವಾಸಿ. ಗಂಡ ಹೆಂಡತಿ ಇಬ್ಬರೇ ಎದುರಿಗೆ ಕುಳಿತು ನೋಡುವುದಾದರೆ ವಿಎ.

ಎಚ್‌ಡಿಆರ್ ಎಂದರೆ ಚಿತ್ರದ ಅತಿ ಬೆಳಕಿನ ಮತ್ತು ಅತಿ ಕತ್ತಲಿನ ಭಾಗಗಳೆರಡರಲ್ಲೂ ವಿವರ ಉಳಿಸುವ ತಂತ್ರ. ಅಗ್ಗದ ಟಿವಿಗಳ ಮೇಲೂ ಈ ಹೆಸರು ಅಂಟಿಸಿರುತ್ತಾರೆ; ಆದರೆ ಬೆಳಕಿನ ತೀವ್ರತೆ 400 ನಿಟ್ಸ್‌ಗಿಂತ ಕಡಿಮೆ ಇದ್ದರೆ ಆ ಹೆಸರಿನಿಂದ ಕಣ್ಣಿಗೆ ದೊಡ್ಡ ಲಾಭವಿಲ್ಲ. ರಿಫ್ರೆಶ್ ರೇಟ್, ಅಂದರೆ ಚಿತ್ರ ಸೆಕೆಂಡಿಗೆ ಎಷ್ಟು ಬಾರಿ ಬದಲಾಗುತ್ತದೆ ಎಂಬುದು, ಸಾಮಾನ್ಯವಾಗಿ 60 ಅಥವಾ 120 ಹರ್ಟ್ಸ್ ಇರುತ್ತದೆ. ‘ಮೋಷನ್ ರೇಟ್ 240’ ಎಂಬಂತಹ ದೊಡ್ಡ ಸಂಖ್ಯೆಗಳು ಜಾಹೀರಾತಿನ ಭಾಷೆ; ಪರದೆಯ ಮೂಲ ಹರ್ಟ್ಸ್ ಎಷ್ಟೆಂದೇ ಕೇಳಿ. ಗೇಮ್ ಆಡುವ ಮಕ್ಕಳಿಲ್ಲದ ಮನೆಗೆ 60 ಸಾಕು.

4. ಅಂಗಡಿಯಲ್ಲಿ ಕೇಳಲೇಬೇಕಾದ ಮಾತುಗಳು

ಮೊದಲ ಪ್ರಶ್ನೆ ಬೆಲೆಯದಲ್ಲ: ‘ಕೆಟ್ಟರೆ ರಿಪೇರಿಗೆ ಜನ ಎಲ್ಲಿಂದ ಬರುತ್ತಾರೆ?’ ದೊಡ್ಡ ಟಿವಿಯನ್ನು ಸರ್ವಿಸ್ ಸೆಂಟರಿಗೆ ಹೊತ್ತುಕೊಂಡು ಹೋಗಲಾಗದು, ತಂತ್ರಜ್ಞರೇ ಮನೆಗೆ ಬರಬೇಕು. ಅವರು ಮಡಿಕೇರಿ ಅಥವಾ ಗೋಣಿಕೊಪ್ಪದಲ್ಲಿದ್ದರೆ ಒಂದು ಮಾತು, ಮೈಸೂರಿನಿಂದ ವಾರಕ್ಕೊಮ್ಮೆ ಬರುವುದಾದರೆ ಇನ್ನೊಂದು. ವಾರಂಟಿ ಅವಧಿಯಲ್ಲಿ ಓಡಾಟದ ಶುಲ್ಕ ಇದೆಯೇ, ನಿಮ್ಮ ಪಿನ್‌ಕೋಡಿಗೆ ಮನೆ ಸೇವೆ ಇದೆಯೇ ಎಂಬುದನ್ನು ಕಂಪನಿಯ ಸಹಾಯವಾಣಿಗೇ ಫೋನ್ ಮಾಡಿ ಖಚಿತಪಡಿಸಿಕೊಳ್ಳಿ. ಅಂಗಡಿಯವರ ಬಾಯಿಮಾತನ್ನು ನೆಚ್ಚಿಕೊಳ್ಳಬೇಡಿ. ಆನ್‌ಲೈನಿನಲ್ಲಿ ಕೊಳ್ಳುವವರಿಗೆ ಈ ಎಚ್ಚರಿಕೆ ಇನ್ನೂ ಹೆಚ್ಚು ಬೇಕು. ಡೆಲಿವರಿ ಇದೆ ಎಂದ ಮಾತ್ರಕ್ಕೆ ಜೋಡಿಸಿಕೊಡುವವರು ಇದ್ದಾರೆ ಎಂದರ್ಥವಲ್ಲ.

ಎರಡನೆಯದಾಗಿ, ಅಂಗಡಿಯಲ್ಲಿ ಓಡುವ ಹೂವು, ಮೀನು, ನಗರದ ದೀಪಗಳ ಪ್ರದರ್ಶನ ವಿಡಿಯೊವನ್ನು ನಿಲ್ಲಿಸಿ, ಸೆಟ್‌ಟಾಪ್ ಬಾಕ್ಸ್ ಮೂಲಕ ಒಂದು ಕನ್ನಡ ಚಾನೆಲ್ ಹಾಕಿ ತೋರಿಸಲು ಹೇಳಿ. ನೀವು ಮನೆಯಲ್ಲಿ ದಿನವೂ ನೋಡುವುದು ಅದನ್ನೇ. ಮೂರನೆಯದಾಗಿ, ಮಾಡೆಲ್ ಸಂಖ್ಯೆಯನ್ನು ಕೊನೆಯ ಅಕ್ಷರದವರೆಗೆ ಬರೆದುಕೊಳ್ಳಿ. ಒಂದೇ ಕಂಪನಿಯ, ಒಂದೇ ಅಳತೆಯ ಟಿವಿಗಳ ನಡುವೆ ಕೊನೆಯ ಎರಡು ಅಕ್ಷರಗಳಲ್ಲಿ ಪರದೆಯ ಬಗೆಯೇ ಬದಲಾಗಿರಬಹುದು. ಎಚ್‌ಡಿಎಂಐ ಕಿಂಡಿಗಳು ಕನಿಷ್ಠ ಮೂರಿರಲಿ. ಬಾಕ್ಸ್ ಮತ್ತು ಇತರ ಸಾಧನಗಳ ಚಿತ್ರ, ಧ್ವನಿ ಎರಡನ್ನೂ ಒಂದೇ ತಂತಿಯಲ್ಲಿ ಟಿವಿಗೆ ತರುವ ಸಂಪರ್ಕ ಅದು.

ಬೆಲೆಯ ವಿಷಯದಲ್ಲಿ ನೆನಪಿಡಬೇಕಾದದ್ದು ಒಂದೇ. 32 ಇಂಚಿಗಿಂತ ದೊಡ್ಡ ಟಿವಿಗಳ ಮೇಲಿದ್ದ ಶೇ 28ರ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 18ಕ್ಕೆ ಇಳಿದಿದೆ. ಹಳೆಯ ದರಪಟ್ಟಿ ತೋರಿಸಿ ‘ರಿಯಾಯಿತಿ’ ಎನ್ನುವವರ ಬಳಿ ಬಿಲ್ಲಿನ ತೆರಿಗೆಯ ಸಾಲನ್ನು ನೋಡಿ. ಬಿಲ್ಲಿಲ್ಲದೆ ಕೊಂಡರೆ ಕಡಿಮೆಯಾಗುತ್ತದೆ ಎಂಬ ಮಾತಿಗೆ ಮರುಳಾದರೆ ವಾರಂಟಿಯೂ ಇಲ್ಲ, ದೂರು ಕೊಡುವ ದಾರಿಯೂ ಇಲ್ಲ.

ಹೋಂಸ್ಟೇ ನಡೆಸುವವರಿಗೆ ಪ್ರತ್ಯೇಕವಾಗಿ ಒಂದು ಮಾತು: ಮನೆಬಳಕೆಯ ಟಿವಿಯ ವಾರಂಟಿ ವಾಣಿಜ್ಯ ಬಳಕೆಗೆ ಅನ್ವಯಿಸುವುದಿಲ್ಲ ಎಂಬ ಷರತ್ತು ಸಾಮಾನ್ಯವಾಗಿ ವಾರಂಟಿ ಕಾರ್ಡಿನ ಚಿಕ್ಕ ಅಕ್ಷರಗಳಲ್ಲಿ ಇರುತ್ತದೆ. ಅತಿಥಿಗಳ ಕೋಣೆಗೆ ಹಾಕುವ ಮುನ್ನ ಅದನ್ನು ಓದಿಕೊಳ್ಳಿ.

5. ಸಾಗಣೆ ಮತ್ತು ಪೆಟ್ಟಿಗೆ ಬಿಚ್ಚುವುದು

ದೊಡ್ಡ ಟಿವಿಯನ್ನು ಮಲಗಿಸಿ ತರಬಾರದು. ಮಲಗಿಸಿದಾಗ ಪರದೆಯ ನಡುಭಾಗಕ್ಕೆ ಆಸರೆಯಿರುವುದಿಲ್ಲ; ಘಟ್ಟದ ತಿರುವುಗಳಲ್ಲೂ ತೋಟದ ಮಣ್ಣುರಸ್ತೆಯ ಗುಂಡಿಗಳಲ್ಲೂ ಅದು ಮೇಲೆ ಕೆಳಗೆ ಬಾಗಿ ಗಾಜಿನೊಳಗೆ ಬಿರುಕು ಬಿಡುತ್ತದೆ. ಹೊರಗಿನಿಂದ ಗೀರೂ ಕಾಣಿಸದೆ, ಆನ್ ಮಾಡಿದಾಗ ಮಾತ್ರ ಜೇಡರ ಬಲೆಯಂತೆ ಗೆರೆಗಳು ಕಾಣಿಸಿಕೊಳ್ಳುತ್ತವೆ. ಇಂತಹ ಭೌತಿಕ ಹಾನಿ ವಾರಂಟಿಗೆ ಒಳಪಡುವುದಿಲ್ಲ. ಪರದೆಯೊಂದನ್ನೇ ಬದಲಿಸುವ ಖರ್ಚು ಹೊಸ ಟಿವಿಯ ಬೆಲೆಯನ್ನೇ ನೆನಪಿಸುವಂತಿರುತ್ತದೆ. 55 ಇಂಚಿನ ಪೆಟ್ಟಿಗೆ ಸಣ್ಣ ಕಾರಿನಲ್ಲಿ ನಿಲ್ಲುವುದಿಲ್ಲವಾದ್ದರಿಂದ ಪಿಕಪ್ ಗಾಡಿ ಮಾಡಿ, ಪೆಟ್ಟಿಗೆಯನ್ನು ಬಾಣದ ಗುರುತು ಮೇಲ್ಮುಖವಾಗುವಂತೆ ನಿಲ್ಲಿಸಿ, ಬದಿಗೆ ಕಂಬಳಿ ಕೊಟ್ಟು ಹಗ್ಗದಿಂದ ಬಿಗಿದು, ಮೇಲೆ ತಾರ್ಪಾಲು ಹೊದಿಸಿ. ಸಾಧ್ಯವಾದರೆ ಅಂಗಡಿಯವರೇ ಮನೆಗೆ ತಲುಪಿಸುವಂತೆ ಮಾತಾಡಿಕೊಳ್ಳಿ. ಆಗ ದಾರಿಯಲ್ಲಿ ಆದ ಹಾನಿಗೆ ಅವರೇ ಹೊಣೆ.

ಮನೆಗೆ ಬಂದ ಪೆಟ್ಟಿಗೆಯನ್ನು ಕೂಡಲೇ ಬಿಚ್ಚದೆ, ಎರಡು ಮೂರು ಗಂಟೆ ಒಳಗಿನ ಹವೆಗೆ ಹೊಂದಿಕೊಳ್ಳಲು ಬಿಡಿ. ತಣ್ಣಗಿರುವ ಯಂತ್ರದ ಮೇಲೆ ಬೆಚ್ಚಗಿನ ಕೋಣೆಯ ತೇವ ಹನಿಗಟ್ಟುವ ಸಾಧ್ಯತೆ ಇರುತ್ತದೆ. ಬಿಚ್ಚುವಾಗ ಸೀಲಿನಿಂದ ಹಿಡಿದು ಮೊದಲ ಚಿತ್ರ ಬರುವವರೆಗೂ ಮೊಬೈಲಿನಲ್ಲಿ ತುಂಡರಿಸದೆ ವಿಡಿಯೊ ಮಾಡಿ. ಇಬ್ಬರು ಸೇರಿ ಚೌಕಟ್ಟಿನ ಕೆಳಭಾಗ ಮತ್ತು ಬದಿಗಳನ್ನು ಹಿಡಿದೇ ಎತ್ತಬೇಕು. ಹೆಬ್ಬೆರಳಿನಿಂದ ಪರದೆಯನ್ನು ಒತ್ತಿದರೆ ಒಳಗಿನ ಪದರ ಹಾಳಾಗುತ್ತದೆ. ಕೆಲವು ಕಂಪನಿಗಳು ತಮ್ಮ ತಂತ್ರಜ್ಞರೇ ಬಂದು ಪೆಟ್ಟಿಗೆ ಬಿಚ್ಚಬೇಕು ಎನ್ನುತ್ತವೆ. ಅವಸರ ಮಾಡಿ ಆ ಷರತ್ತನ್ನು ಮುರಿಯಬೇಡಿ.

ಗೋಡೆಗೆ ಏರಿಸುವ ಮೊದಲೇ ಪರೀಕ್ಷೆ ಮುಗಿಯಲಿ. ಕೆಂಪು, ಹಸಿರು, ನೀಲಿ, ಬಿಳಿ, ಕಪ್ಪು – ಹೀಗೆ ಒಂದೊಂದೇ ಬಣ್ಣ ತುಂಬಿದ ಚಿತ್ರಗಳನ್ನು ಪೆನ್‌ಡ್ರೈವ್‌ನಲ್ಲಿ ಹಾಕಿ ತೋರಿಸಿ ನೋಡಿ. ಬೆಳಗದೆ ಸತ್ತಿರುವ ಬಿಂದುಗಳು, ಗೆರೆಗಳು, ಕಪ್ಪು ಚಿತ್ರದ ಮೂಲೆಗಳಲ್ಲಿ ಸೋರುವ ಬೆಳಕು ಇವೆಲ್ಲ ಆಗ ಎದ್ದು ಕಾಣುತ್ತವೆ. ಬದಲಿಸಿಕೊಡುವ ಅವಧಿ ಕೆಲವೇ ದಿನಗಳದ್ದಾಗಿರುವುದರಿಂದ ಇದನ್ನು ಮುಂದೂಡಬೇಡಿ.

6. ಗೋಡೆಯೋ, ಮೇಜೋ?

ಮಣ್ಣಿನ ಗೋಡೆಯ ಹಳೆಯ ಮನೆಗಳಲ್ಲಿ ಟಿವಿಯನ್ನು ಗೋಡೆಗೆ ತೂಗುಹಾಕಲೇಬೇಡಿ. ಮೊಳೆ ಹಿಡಿದಂತೆ ಕಂಡರೂ ಮಳೆಗಾಲದಲ್ಲಿ ಗೋಡೆ ಮೆದುವಾದಾಗ ತೂಕಕ್ಕೆ ಜಗ್ಗುತ್ತದೆ. ಅಲ್ಲಿ ಅಗಲವಾದ, ಗಟ್ಟಿಯಾದ ಮರದ ಮೇಜೇ ಸರಿ. ಇಟ್ಟಿಗೆ ಅಥವಾ ಕಾಂಕ್ರೀಟ್ ಗೋಡೆಯಾದರೆ ಟಿವಿಯ ಹಿಂಬದಿಯ ನಾಲ್ಕು ತೂತುಗಳ ನಡುವಿನ ಅಂತರಕ್ಕೆ, ಅಂದರೆ ವೆಸಾ ಅಳತೆಗೆ, ಹೊಂದುವ ಸ್ಟ್ಯಾಂಡನ್ನೇ ಕೊಳ್ಳಿ. 200ಕ್ಕೆ 200, 300ಕ್ಕೆ 300, 400ಕ್ಕೆ 400 ಮಿಲಿಮೀಟರ್ ಎಂಬವು ಸಾಮಾನ್ಯ ಅಳತೆಗಳು.

ಯಾವ ಗೋಡೆ ಎಂಬುದು ಎಷ್ಟು ಎತ್ತರ ಎಂಬುದಕ್ಕಿಂತ ಮುಖ್ಯ. ನೈಋತ್ಯದಿಂದ ಬರುವ ಮಳೆ ನೇರವಾಗಿ ಬಡಿಯುವ ಹೊರಗೋಡೆಯ ಒಳಮೈ ಬೇಡ. ಅನುಮಾನವಿದ್ದರೆ ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ ಎರಡು ದಿನ ಬಿಡಿ. ತೆಗೆದು ನೋಡಿದಾಗ ಹಾಳೆಯ ಒಳಮೈಯಲ್ಲಿ ಹನಿಗಳಿದ್ದರೆ ಅಥವಾ ಅಷ್ಟು ಭಾಗದ ಗೋಡೆ ಕಪ್ಪಾಗಿದ್ದರೆ, ಆ ಗೋಡೆ ನೀರು ಕುಡಿದಿದೆ. ಮಳೆ ಜೋರಾಗಿರುವ ಕಕ್ಕಡ ಮಾಸದಲ್ಲಿ (ಜುಲೈ–ಆಗಸ್ಟ್) ಈ ಪರೀಕ್ಷೆ ಮಾಡಿದರೆ ಫಲಿತಾಂಶ ನಿಖರವಾಗಿರುತ್ತದೆ. ಮಾರ್ಚಿನಲ್ಲಿ ಎಲ್ಲ ಗೋಡೆಗಳೂ ಒಳ್ಳೆಯವೇ. ಬೆಂಕಿ ಕಾಯಿಸುವ ಅಗ್ಗಿಷ್ಟಿಕೆಯ ಮೇಲ್ಗಡೆ ಟಿವಿ ಹಾಕುವುದು ಚಿತ್ರಗಳಲ್ಲಿ ಚೆಂದ. ಶಾಖ ಮತ್ತು ಹೊಗೆಯ ಮಸಿ ಎರಡೂ ಅದರ ಆಯುಷ್ಯವನ್ನು ತಿನ್ನುತ್ತವೆ.

ಪರದೆಯ ನಡುಬಿಂದು ಕುಳಿತವರ ಕಣ್ಣಿನ ಮಟ್ಟದಲ್ಲಿ, ನೆಲದಿಂದ 100ರಿಂದ 110 ಸೆಂಟಿಮೀಟರ್ ಎತ್ತರದಲ್ಲಿರಲಿ. 55 ಇಂಚಿನ ಟಿವಿಯ ಕೆಳ ಅಂಚು ಸುಮಾರು 70 ಸೆಂಟಿಮೀಟರಿಗೆ ಬರುತ್ತದೆ. ಜೋಡಿಸಲು ಬಂದವರು ನಿಂತುಕೊಂಡು ಅಳತೆ ಹಾಕುವುದರಿಂದ ಎಷ್ಟೋ ಮನೆಗಳಲ್ಲಿ ಟಿವಿ ದೇವರ ಫೋಟೊದ ಸಾಲಿಗೆ ಏರಿರುತ್ತದೆ. ನೀವು ಕುರ್ಚಿಯಲ್ಲಿ ಕುಳಿತು ಗುರುತು ಹಾಕಿಸಿ.

7. ಸಿಡಿಲು ಮತ್ತು ಏರಿಳಿತದಿಂದ ರಕ್ಷಣೆ

ಮೂರು ಸಾಧನಗಳಿವೆ, ಅವುಗಳ ಕೆಲಸ ಬೇರೆ ಬೇರೆ, ಒಂದು ಇನ್ನೊಂದರ ಜಾಗ ತುಂಬುವುದಿಲ್ಲ. ಸ್ಟೆಬಿಲೈಸರ್ ನಿಧಾನದ ಏರಿಳಿತವನ್ನು ಸರಿದೂಗಿಸುತ್ತದೆ. ಓವರ್ ವೋಲ್ಟೇಜ್ ಕಟ್‌ಆಫ್ ಎಂಬ ಪುಟ್ಟ ಸಾಧನ ವೋಲ್ಟೇಜ್ ಮಿತಿ ಮೀರಿದ ಕೂಡಲೇ ಸಂಪರ್ಕವನ್ನೇ ಕಡಿಯುತ್ತದೆ. ಸರ್ಜ್ ಪ್ರೊಟೆಕ್ಟರ್ ಕಣ್ಣು ಮಿಟುಕಿಸುವುದರೊಳಗೆ ನುಗ್ಗಿ ಬರುವ ಅತಿ ಹೆಚ್ಚಿನ ವೋಲ್ಟೇಜನ್ನು ಅರ್ಥಿಗೆ ತಿರುಗಿಸಲು ನೋಡುತ್ತದೆ. ಅರ್ಥಿಂಗ್ ಸರಿಯಿಲ್ಲದ ಮನೆಯಲ್ಲಿ ಅದಕ್ಕೆ ತಿರುಗಿಸಲು ದಾರಿಯೇ ಇರುವುದಿಲ್ಲ. ನಮ್ಮ ಕಡೆಯ ತೋಟದ ಮನೆಗಳಿಗೆ ಕಟ್‌ಆಫ್ ಮತ್ತು ಸರ್ಜ್ ಪ್ರೊಟೆಕ್ಟರ್ ಎರಡೂ ಬೇಕು. ಟಿವಿಯ ಚೀಟಿಯಲ್ಲಿ 100ರಿಂದ 240 ಎಂದಿದ್ದರೆ ಸ್ಟೆಬಿಲೈಸರ್ ಅನ್ನು ಸಾಮಾನ್ಯವಾಗಿ ಬಿಡಬಹುದು.

ಹತ್ತಿರದಲ್ಲಿ ಬಡಿಯುವ ಸಿಡಿಲಿನ ಎದುರು ಈ ಮೂರೂ ಸೋಲುತ್ತವೆ. ಮೋಡ ಕಟ್ಟಿ ಗುಡುಗು ಶುರುವಾಗುವ ಮೊದಲೇ ಪ್ಲಗ್ ಕಿತ್ತುಬಿಡುವುದೊಂದೇ ಉಪಾಯ, ಸ್ವಿಚ್ ಆಫ್ ಮಾಡಿದರೆ ಸಾಲದು. ಪ್ಲಗ್ ಜೊತೆಗೆ ಡಿಶ್‌ನಿಂದ ಬರುವ ಕೇಬಲ್, ಇಂಟರ್ನೆಟ್ ಪೆಟ್ಟಿಗೆಯಿಂದ ಬರುವ ಲ್ಯಾನ್ ತಂತಿ ಇವನ್ನೂ ಬಿಡಿಸಬೇಕು. ಇದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ. ಒಂದು ಮೇ ತಿಂಗಳ ಮಧ್ಯಾಹ್ನ ಟಿವಿಯ ಪ್ಲಗ್ ಕಿತ್ತು ನಿಶ್ಚಿಂತೆಯಿಂದಿದ್ದೆ. ಸಿಡಿಲು ಡಿಶ್ ಕೇಬಲಿನಲ್ಲಿ ಇಳಿದು, ಸೆಟ್‌ಟಾಪ್ ಬಾಕ್ಸನ್ನು ಸುಟ್ಟು, ಎಚ್‌ಡಿಎಂಐ ತಂತಿಯ ಮೂಲಕ ಟಿವಿಯ ಮೇನ್ ಬೋರ್ಡಿಗೂ ತಲುಪಿತ್ತು. ಕಿತ್ತ ಕೇಬಲಿನ ತುದಿಯನ್ನು ಟಿವಿಯ ಹಿಂದೆಯೇ ಇಳಿಬಿಡದೆ ಮಾರುದೂರ ಸರಿಸಿಡಿ. ಆದರೆ ಗುಡುಗು, ಮಿಂಚು ಶುರುವಾದ ಮೇಲೆ ತಂತಿಗಳಿಗೆ ಕೈ ಹಾಕಬೇಡಿ. ಟಿವಿಗಿಂತ ನೀವು ಮುಖ್ಯ.

ಇನ್ವರ್ಟರಿನ ಲೆಕ್ಕವೂ ಇಲ್ಲಿಯೇ ಮುಗಿಯಲಿ. 55 ಇಂಚಿನ ಎಲ್‌ಇಡಿ ಟಿವಿಗೆ ಸುಮಾರು 120 ವಾಟ್ ಬೇಕೆಂದುಕೊಳ್ಳೋಣ. ನಿಖರ ಸಂಖ್ಯೆ ನಿಮ್ಮ ಟಿವಿಯ ಹಿಂಬದಿಯಲ್ಲಿದೆ. ಬಾಕ್ಸ್ ಮತ್ತು ವೈಫೈ ಸೇರಿದರೆ 145 ವಾಟ್. 12 ವೋಲ್ಟಿನ, 150 ಆಂಪಿಯರ್ ಅವರ್ ಬ್ಯಾಟರಿಯಲ್ಲಿ ಕಾಗದದ ಮೇಲೆ 1800 ವಾಟ್ ಅವರ್ ಇರುತ್ತದೆ. ಸೋರಿಕೆ ಕಳೆದು, ಬ್ಯಾಟರಿಯನ್ನು ತಳ ಹಿಡಿಸದೆ ಬಳಸುವುದಾದರೆ 1200 ಎಂದಿಟ್ಟುಕೊಳ್ಳಿ. ದೀಪಗಳಿಗೆ ಒಂದಿಷ್ಟು ಬಿಟ್ಟರೂ ಹೊಸ ಬ್ಯಾಟರಿಯಲ್ಲಿ ಆರು ಗಂಟೆ ಸಿಗುತ್ತದೆ. ಮಳೆಗಾಲದಲ್ಲಿ ನಮಗೆ ಫ್ಯಾನಿನ ಖರ್ಚಂತೂ ಇಲ್ಲ. ಇನ್ವರ್ಟರ್ ಸೈನ್ ವೇವ್ ಬಗೆಯದ್ದಾಗಿರಲಿ, ಅಂದರೆ ಲೈನಿನ ಕರೆಂಟಿನಂತೆಯೇ ನುಣುಪಾದ ಅಲೆಯನ್ನು ಕೊಡುವಂಥದ್ದಾಗಿರಲಿ.

8. ಡಿಶ್, ಇಂಟರ್ನೆಟ್ ಮತ್ತು ಮಳೆ

ಜೋರು ಮಳೆಗೆ ಡಿಶ್ ಚಿತ್ರ ಕಡಿದುಹೋಗುವುದು ಟಿವಿಯ ದೋಷವಲ್ಲ. ಉಪಗ್ರಹದಿಂದ ಬರುವ ಅಲೆಗಳನ್ನು ದಟ್ಟ ಮಳೆಹನಿಗಳು ಹೀರಿಕೊಳ್ಳುತ್ತವೆ. ಆದರೆ ಸಾಧಾರಣ ಮಳೆಗೂ ಹೀಗಾಗುತ್ತಿದ್ದರೆ ಡಿಶ್‌ನ ದಿಕ್ಕು ಸ್ವಲ್ಪ ಸರಿದಿದೆ, ಕೇಬಲಿನ ತುದಿಗೆ ನೀರು ಇಳಿದಿದೆ, ಇಲ್ಲವೇ ಮರ ಅಡ್ಡ ಬಂದಿದೆ ಎಂದು ತಿಳಿಯಿರಿ. ಕೊಡಗಿನಿಂದ ನೋಡಿದರೆ ನಮ್ಮ ಡಿಶ್ ಸೇವೆಗಳ ಉಪಗ್ರಹಗಳು ಆಗ್ನೇಯ ದಿಕ್ಕಿನಲ್ಲಿ, ಆಕಾಶದಲ್ಲಿ ಸಾಕಷ್ಟು ಎತ್ತರದಲ್ಲಿರುತ್ತವೆ. ಡಿಶ್‌ಗೆ ಆ ಕಡೆ ಹತ್ತಿರದಲ್ಲೇ ಸಿಲ್ವರ್ ಓಕ್ ಇದ್ದರೆ, ಕೂರಿಸಿದ ವರ್ಷ ಅಡ್ಡಿಯಾಗದ ಮರ ನಾಲ್ಕು ವರ್ಷಕ್ಕೆ ಅಡ್ಡಿಯಾಗಿರುತ್ತದೆ.

ಇಂಟರ್ನೆಟ್ ಮೂಲಕ 4ಕೆ ನೋಡಲು ಸೆಕೆಂಡಿಗೆ ಕನಿಷ್ಠ 15 ಮೆಗಾಬಿಟ್ ವೇಗ ನಿರಂತರವಾಗಿ ಬೇಕು. ಫುಲ್ ಎಚ್‌ಡಿಗೆ 5 ಸಾಕು. 4ಕೆ ಒಂದು ಗಂಟೆಗೆ 7 ಜಿಬಿಯಷ್ಟು ಡೇಟಾ ನುಂಗಬಲ್ಲದು, ಆದ್ದರಿಂದ ಮೊಬೈಲ್ ಹಾಟ್‌ಸ್ಪಾಟ್ ನಂಬಿಕೊಂಡವರು ಆ್ಯಪ್‌ನ ಸೆಟ್ಟಿಂಗ್‌ನಲ್ಲಿ ಗುಣಮಟ್ಟವನ್ನು ತಗ್ಗಿಸಿಕೊಳ್ಳಿ. ವೈಫೈಯಲ್ಲಿ 5 ಗಿಗಾಹರ್ಟ್ಸ್ ವೇಗವಾದರೂ ದಪ್ಪ ಗೋಡೆ ದಾಟಲು ಸೋಲುತ್ತದೆ. ಅಂತಹ ಮನೆಗಳಲ್ಲಿ 2.4 ಗಿಗಾಹರ್ಟ್ಸ್ ಆರಿಸಿ, ಇಲ್ಲವೇ ಲ್ಯಾನ್ ತಂತಿ ಎಳೆಯಿರಿ. ಟವರಿನ ಬ್ಯಾಟರಿಯೂ ಮುಗಿದು ಎಲ್ಲವೂ ನಿಂತ ದಿನಗಳಿಗೆ ಒಂದು ಪೆನ್‌ಡ್ರೈವ್ ತುಂಬ ಮನೆಯ ಮದುವೆ, ಹಬ್ಬಗಳ ವಿಡಿಯೊ ಇಟ್ಟುಕೊಂಡಿರಿ.

9. ಚಿತ್ರ ಮತ್ತು ಧ್ವನಿಯ ಹೊಂದಾಣಿಕೆ

ಮೊದಲ ಬಾರಿ ಆನ್ ಮಾಡಿದಾಗ ‘ಹೋಂ’ ಅಥವಾ ‘ಸ್ಟೋರ್’ ಎಂದು ಕೇಳುತ್ತದೆ, ಹೋಂ ಆರಿಸಿ. ಸ್ಟೋರ್ ಆರಿಸಿದರೆ ಅಂಗಡಿಗೆ ಬೇಕಾದ ಕಣ್ಣು ಕೋರೈಸುವ ಬೆಳಕಿನಲ್ಲೇ ಟಿವಿ ನಿಲ್ಲುತ್ತದೆ, ಆಗಾಗ ಜಾಹೀರಾತನ್ನೂ ತೋರಿಸುತ್ತದೆ. ಚಿತ್ರದ ಬಗೆಗಳಲ್ಲಿ ‘ವಿವಿಡ್’ ಬಿಟ್ಟು ‘ಸಿನಿಮಾ’ ಅಥವಾ ‘ಫಿಲ್ಮ್‌ಮೇಕರ್’ ಹಾಕಿ. ಮೊದಲ ದಿನ ಹಳದಿಯಾಗಿ ಕಾಣುತ್ತದೆ, ವಾರದಲ್ಲಿ ಕಣ್ಣು ಒಗ್ಗುತ್ತದೆ. ಶಾರ್ಪ್‌ನೆಸ್ ತಗ್ಗಿಸಿ. ಸಿನಿಮಾಗಳು ಧಾರಾವಾಹಿಯಂತೆ ಅತಿ ನುಣುಪಾಗಿ ಕಂಡರೆ ಅದಕ್ಕೆ ‘ಮೋಷನ್ ಸ್ಮೂದಿಂಗ್’ ಕಾರಣ. ಅದನ್ನು ಆಫ್ ಮಾಡಿ, ಪಂದ್ಯಗಳಿಗೆ ಬೇಕಿದ್ದರೆ ಮತ್ತೆ ಹಾಕಿಕೊಳ್ಳಿ.

ತೆಳು ಟಿವಿಯ ಸ್ಪೀಕರುಗಳು ಪುಟ್ಟವು, ಬಹುತೇಕ ಕೆಳಮುಖವಾಗಿರುವಂಥವು. ತಗಡಿನ ಶೀಟಿನ ಮೇಲೆ ಜುಲೈ ತಿಂಗಳ ಮಳೆ ಸುರಿಯುವಾಗ ಅವು ಏನು ಹೇಳುತ್ತಿವೆ ಎಂಬುದು ಯಾರಿಗೂ ಕೇಳಿಸುವುದಿಲ್ಲ. ಸೌಂಡ್‌ಬಾರ್ ಕೊಳ್ಳುವುದಾದರೆ ‘ಎಆರ್‌ಸಿ’ ಎಂದು ಬರೆದಿರುವ ಎಚ್‌ಡಿಎಂಐ ಕಿಂಡಿಗೇ ಜೋಡಿಸಿ. ಎಚ್‌ಡಿಎಂಐ ಕಿಂಡಿಗಳ ಪೈಕಿ ಧ್ವನಿ ಟಿವಿಯಿಂದ ಹೊರಗೆ ಹೋಗುವುದು ಅದರ ಮೂಲಕ ಮಾತ್ರ.

ಹೊಸ ಟಿವಿ ನಿಮ್ಮ ಹಲವು ಒಪ್ಪಿಗೆಗಳನ್ನು ಕೇಳುತ್ತದೆ. ನೀವು ಏನು ನೋಡುತ್ತೀರಿ ಎಂಬುದನ್ನು ಗುರುತಿಸಿ ಕಂಪನಿಗೆ ಕಳುಹಿಸುವ ಒಪ್ಪಿಗೆಯನ್ನು ನಿರಾಕರಿಸಬಹುದು, ಟಿವಿ ನಿಲ್ಲುವುದಿಲ್ಲ. ಆದರೆ ‘ಟಿವಿ ಆ್ಯಕ್ಟಿವೇಟ್ ಮಾಡಲು ಹಣ ಕಟ್ಟಿ’ ಎಂದು ಯಾರಾದರೂ ಫೋನ್ ಮಾಡಿದರೆ ಅದು ವಂಚನೆ. ಸಹಾಯವಾಣಿಯ ಸಂಖ್ಯೆಯನ್ನು ಅಂತರ್ಜಾಲದಲ್ಲಿ ಹುಡುಕದೆ ವಾರಂಟಿ ಕಾರ್ಡಿನಿಂದಲೇ ತೆಗೆದುಕೊಳ್ಳಿ. ಹಣ ಹೋಗಿಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

10. ಮಳೆಗಾಲದ ಆರೈಕೆ

ಬೀರುವಿನಲ್ಲಿಟ್ಟ ಚರ್ಮದ ಬೆಲ್ಟಿಗೆ ಬೂಷ್ಟು ಹಿಡಿಯುವ ತಿಂಗಳುಗಳಲ್ಲಿ ಟಿವಿಯ ಒಳಗೂ ತೇವ ಸೇರುತ್ತದೆ. ನೋಡುವವರಿರಲಿ, ಇಲ್ಲದಿರಲಿ, ದಿನಕ್ಕೆ ಒಂದು ಗಂಟೆ ಟಿವಿ ಓಡಲಿ. ಒಳಗಿನ ಬೆಚ್ಚನೆಯ ಹವೆಯೇ ತೇವವನ್ನು ಹೊರದೂಡುತ್ತದೆ. ತಿಂಗಳುಗಟ್ಟಲೆ ಮನೆ ಬೀಗ ಹಾಕಿಕೊಂಡು ಹೋಗುವವರು ಎಲ್ಲ ತಂತಿ ಬಿಡಿಸಿ ಹತ್ತಿ ಬಟ್ಟೆ ಹೊದಿಸಲಿ. ಪ್ಲಾಸ್ಟಿಕ್ ಹೊದಿಕೆ ಬೇಡ, ಅದರೊಳಗೆ ತೇವ ಹನಿಗಟ್ಟುತ್ತದೆ.

ಪರದೆಯ ಬೆಚ್ಚನೆಯ ಶಾಖ ಹಲ್ಲಿ, ಇರುವೆಗಳಿಗೆ ಬಹಳ ಇಷ್ಟ. ಹಿಂಬದಿಯ ಗಾಳಿಕಿಂಡಿಗಳಿಂದ ಒಳನುಗ್ಗಿದ ಹಲ್ಲಿಯೊಂದು ಪವರ್ ಬೋರ್ಡಿನ ಎರಡು ಕಾಲುಗಳ ನಡುವೆ ಸಿಕ್ಕಿ ಸುಟ್ಟು, ತನ್ನೊಂದಿಗೆ ಬೋರ್ಡನ್ನೂ ಒಯ್ಯುವುದುಂಟು. ಆ ಕಿಂಡಿಗಳನ್ನು ಬಟ್ಟೆಯಿಂದ ಮುಚ್ಚಿದರೆ ಟಿವಿ ಬಿಸಿಯಾಗಿ ಕೆಡುತ್ತದೆ. ಬದಲಿಗೆ ಗೋಡೆ ಮತ್ತು ಟಿವಿ ನಡುವೆ ಕೈ ಆಡುವಷ್ಟು ಅಂತರ ಬಿಟ್ಟು ವಾರಕ್ಕೊಮ್ಮೆ ಮೃದುವಾದ ಬ್ರಷ್ಷಿನಿಂದ ಗುಡಿಸಿ. ಪರದೆಯನ್ನು ಆಫ್ ಮಾಡಿ, ತಣ್ಣಗಾದ ಮೇಲೆ, ಒಣ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ. ಕಲೆ ಹೋಗದಿದ್ದರೆ ಬಟ್ಟೆಯನ್ನು ಮಾತ್ರ ನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿ ಒರೆಸಿ. ಗಾಜು ಒರೆಸುವ ದ್ರಾವಣ, ಸ್ಯಾನಿಟೈಸರ್ ಇವುಗಳಿಂದ ಪರದೆಯ ಲೇಪ ಕಿತ್ತುಬರುತ್ತದೆ.

11. ಕೆಟ್ಟರೆ, ಮತ್ತು ಹಳೆಯದನ್ನು ಏನು ಮಾಡಬೇಕು

ದೂರು ದಾಖಲಿಸಿದ ಸಂಖ್ಯೆ, ದಿನಾಂಕ, ಬಂದುಹೋದ ತಂತ್ರಜ್ಞರ ಜಾಬ್ ಶೀಟು ಇವನ್ನೆಲ್ಲ ಬಿಲ್ಲಿನ ಜೊತೆ ಒಂದೇ ಕವರಿನಲ್ಲಿಡಿ. ಕಂಪನಿ ಸ್ಪಂದಿಸದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ಅದಕ್ಕೂ ಬಗ್ಗದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ಟಿವಿಯನ್ನು ಎಲ್ಲಿಯೇ ಕೊಂಡಿದ್ದರೂ, ನೀವು ವಾಸಿಸುವ ಜಿಲ್ಲೆಯ ಗ್ರಾಹಕರ ಆಯೋಗದಲ್ಲೇ ಪ್ರಕರಣ ಹೂಡಬಹುದು. ತೊಂದರೆ ಉಂಟಾದ ಎರಡು ವರ್ಷದೊಳಗೆ ಹೂಡಬೇಕು. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ.

ಹಳೆಯ ಟಿವಿ ಇನ್ನೂ ನಡೆಯುತ್ತಿದ್ದರೆ ತೋಟದ ಕಾರ್ಮಿಕರ ಲೈನ್ ಮನೆಯವರಿಗೋ ನೆಂಟರಿಗೋ ಕೊಡುವುದು ವಾಡಿಕೆ. ಕೊಡುವಾಗ ರಿಮೋಟ್ ಮರೆಯಬೇಡಿ, ಅದು ಸ್ಮಾರ್ಟ್ ಟಿವಿಯಾದರೆ ನಿಮ್ಮ ಖಾತೆಗಳನ್ನು ಅಳಿಸಿ ‘ಫ್ಯಾಕ್ಟರಿ ರೀಸೆಟ್’ ಮಾಡಿ, ಆ ಮನೆಯ ಪ್ಲಗ್ಗಿಗೆ ಅರ್ಥ್ ಇದೆಯೇ ಎಂದೂ ನೋಡಿ. ಕೆಟ್ಟುಹೋದ ಹಳೆಯ ಡಬ್ಬಿ ಟಿವಿಯಾದರೆ ಅದನ್ನು ಬಿಚ್ಚಲು ಹೋಗಬೇಡಿ, ತೋಟದ ಗುಂಡಿಗೂ ತೋಡಿಗೂ ಎಸೆಯಬೇಡಿ. ಅದರ ಕೊಳವೆಯ ಗಾಜಿನಲ್ಲಿ ಸೀಸವಿದೆ. ಹೊಸದು ಕೊಳ್ಳುವಾಗಲೇ ವಿನಿಮಯಕ್ಕೆ ತೆಗೆದುಕೊಳ್ಳುತ್ತೀರಾ ಎಂದು ಕೇಳಿ. ಐನೂರು ರೂಪಾಯಿಯಷ್ಟೇ ಕಳೆದರೂ ಹೊಸ ಟಿವಿ ಇಳಿಸಿದ ಪಿಕಪ್ಪಿನಲ್ಲೇ ಅದನ್ನು ವಾಪಸು ಕಳುಹಿಸಿಬಿಡಿ.